ಗಿರಿಯಜ್ಜಿಯ ಚೊಂಬು ನೀರು

ಶುಕ್ರವಾರದ ಸಂಜೆ ನಮ್ಮ ಊರಿನಲ್ಲಿ ಯಾರೂ ಬಚ್ಚಲೊಲೆಗೆ ಬೆಂಕಿ ಹಾಕುವುದಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ಊರಿನ ಮೇಲೆ ಬಾಂಬು ಬಿದ್ದ ದಿನದ್ದನ್ನು ಒಬ್ಬರು ಹೇಳುತ್ತಾರೆ. ಕೇಳಲು ಬಂದವರು ಎದುರಿಗಿಟ್ಟುಕೊಂಡ ತಂಬಿಗೆ, ಕೊಡಗಳಲ್ಲಿ ನೀರು ಕಾಯುತ್ತದೆ. ಹೇಳುವವರ ಹತ್ತಿರ ಕೂತಷ್ಟೂ ನೀರು ಹೆಚ್ಚು ಕಾಯುವುದರಿಂದ ಮುಂದಿನ ಮೆಟ್ಟಿಲು ಬಾಣಂತಿಯಿರುವ ಮನೆಯವರಿಗೆ ಎಂದು ಎಂದೋ ತೀರ್ಮಾನವಾಗಿದೆ. ಕ್ಷೌರದಂಗಡಿಯ ಶಂಕರಲಿಂಗು ಹಿಂದೆ ಕೂರುತ್ತಾನೆ, ಅವನ ಗಿರಾಕಿಗಳಿಗೆ ಉಗುರುಬೆಚ್ಚಗಿದ್ದರೆ ಸಾಕು. ಒಮ್ಮೆ ಮದುವೆ ಛತ್ರದವರು ಅಡುಗೆಯ ಕೊಪ್ಪರಿಗೆಯನ್ನೇ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಾಗ, ಅಂದು ಹೇಳುತ್ತಿದ್ದ ಗಿರಿಯಜ್ಜಿ ಮಾತು ನಿಲ್ಲಿಸಿ, "ಅನ್ನಾನೂ ಇಲ್ಲೇ ಬಸ್ಕೊಂಡು ಹೋಗ್ರಪ್ಪ," ಎಂದಿದ್ದಳು. ನೀರು ಯಾಕೆ ಕಾಯುತ್ತದೆ ಎಂದು ಕೇಳುವವರು ಹೊರಗಿನವರು. ನಾವು ಎಷ್ಟು ಕಾದಿದೆ ಎಂದಷ್ಟೇ ಕೇಳುತ್ತೇವೆ.

ಒಂದು ಕಟ್ಟಳೆ ಮಾತ್ರ ಇದೆ. ನೀರನ್ನು ಮನೆಗೆ ಒಯ್ಯುವ ಮುಂಚೆ ಅಲ್ಲೇ ಒಂದು ಗುಟುಕು ಕುಡಿಯಬೇಕು. ಕುಡಿದವರು ಎಲ್ಲಿ, ಯಾರು ಕೇಳಿದರೂ, "ಆ ಬಾಂಬು ಇನ್ನು ಯಾವ ಊರಿಗೂ ಬೇಡ, ಇರೋದನ್ನೆಲ್ಲ ಬಿಚ್ಚಿ ಹಾಕಿ," ಎಂದು ಹೇಳಬೇಕು. ಹೇಳುವವರು ಮಾತ್ರ ಕುಡಿಯುವುದಿಲ್ಲ. ವರ್ಗವಾಗಿ ಬಂದಿದ್ದ ಒಬ್ಬ ಅಧಿಕಾರಿ ಒಂದು ವಾರ ಕುಡಿಯದೆ ಬಿಂದಿಗೆ ಎತ್ತಿಕೊಂಡು ಹೋಗಿದ್ದರು. ಯಾರೂ ತಡೆಯಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ನೀರು ತಣ್ಣಗಾಗಿತ್ತಂತೆ. ಮುಂದಿನ ವಾರ ಎಲ್ಲರಿಗಿಂತ ಮೊದಲು ಅವರೇ ಕುಡಿದರು.

ಇದನ್ನು ಬರೆಯಲು ನನಗೆ ಯೋಗ್ಯತೆ ಇದೆಯೇ ಎಂಬ ಅನುಮಾನ ಈಗಲೂ ಹೋಗಿಲ್ಲ. ನನ್ನ ಹೆಸರು ದಾಕ್ಷಾಯಿಣಿ. ಹಗಲು ಬೇಕರಿಯಲ್ಲಿ ಬನ್ನು, ರಸ್ಕು ಸುಡುವುದು ನನ್ನ ಕೆಲಸ. ಮದುವೆಯಾಗಿ ಮಕ್ಕಳಾದ ಮೇಲೆ ಸಂಜೆಶಾಲೆಗೆ ಸೇರಿ ಹತ್ತನೇ ತರಗತಿ ಮುಗಿಸಿದೆ. ಅಲ್ಲಿ ಪಾಠ ಹೇಳುತ್ತಿದ್ದ ದಸ್ತಗೀರ್ ಮೇಷ್ಟ್ರು, ಉತ್ತರ ಗೊತ್ತಿದ್ದರೂ ಕೈ ಎತ್ತದೆ ಕೂರುತ್ತಿದ್ದ ನನ್ನನ್ನು ನೋಡಿ, "ದಾಕ್ಷಿ, ತಪ್ಪಾದರೆ ಭೂಮಿ ಬಾಯಿ ಬಿಡೋದಿಲ್ಲಮ್ಮ," ಎನ್ನುತ್ತಿದ್ದರು. ನನಗೆ ಮಾತ್ರ ಬಾಯಿ ಬಿಡುತ್ತದೆ ಎಂದೇ ಅನಿಸುತ್ತಿತ್ತು.

ಮೊದಲು ಊರಿನಲ್ಲಿ ಹೇಳುವವರು ಬಹಳ ಮಂದಿ ಇದ್ದರು. ನಾನು ಚಿಕ್ಕವಳಿದ್ದಾಗ ವಾರದ ಎಲ್ಲ ದಿನವೂ ಬಿಸಿನೀರಿತ್ತು. ಸೋಮವಾರ ಒಬ್ಬ ಗಾಣಿಗರ ಅಜ್ಜ, ಮಂಗಳವಾರ ಇಬ್ಬರು ಅಕ್ಕತಂಗಿಯರು, ಹೀಗೆ. ಅವರೆಲ್ಲ ಬೆಳಕು ಬಿದ್ದ ದಿನ ಊರಿನಲ್ಲಿದ್ದು ಬದುಕಿ ಉಳಿದವರು. ಒಬ್ಬೊಬ್ಬರೇ ತೀರಿಕೊಂಡಂತೆ ಒಂದೊಂದು ದಿನದ ಬಿಸಿನೀರು ನಿಂತಿತು. ಕೊನೆಗೆ ಗಿರಿಯಜ್ಜಿಯ ಶುಕ್ರವಾರವೊಂದೇ ಉಳಿಯಿತು.

ಅವಳು ಹೇಳುತ್ತಿದ್ದದ್ದು ಇಷ್ಟು. ಅವಳು ಎಂಟು ವರ್ಷದ ಹುಡುಗಿ. ಬೆಳಗ್ಗೆ ಅಂಗಳದಲ್ಲಿ ಚಿಕ್ಕಮ್ಮ ಅವಳ ತಲೆ ಬಾಚುತ್ತಿದ್ದಳು. ಹಣಿಗೆ ಕೈಜಾರಿ ಬಿತ್ತು. ಅದನ್ನು ತರಲು ಗಿರಿ ಬಗ್ಗಿ ಗೋಡೆಯ ಮರೆಗೆ ಹೋದಳು. ಅಷ್ಟರಲ್ಲಿ ಬೆಳಕು. ಸದ್ದು ಆಮೇಲೆ ಬಂತು. ಕಣ್ಣು ಬಿಟ್ಟಾಗ ಗೋಡೆ ಅವಳ ಮೇಲೆ ಒರಗಿತ್ತು, ಬೀದಿ ಇರಲಿಲ್ಲ. ಚಿಕ್ಕಮ್ಮನ ಸೀರೆಯೂ ಇರಲಿಲ್ಲ; ಸೀರೆಯ ಮೇಲಿದ್ದ ಹೂವುಗಳು ಅವಳ ಬೆನ್ನಿನ ಚರ್ಮದ ಮೇಲಿದ್ದವು. "ನೀರು ಕೊಡೇ ಗಿರೀ," ಎಂದಳು. ಬಾವಿಯ ಹಗ್ಗ ಸುಟ್ಟುಹೋಗಿತ್ತು. ಗಿರಿ ಹಿತ್ತಾಳೆಯ ಚೊಂಬು ಹಿಡಿದು ಹೊಳೆಗೆ ಓಡಿದಳು. ಮೆಟ್ಟಿಲ ತುಂಬ ಜನ ಬಿದ್ದಿದ್ದರು, ಎಲ್ಲರೂ ನೀರು ಎನ್ನುತ್ತಿದ್ದರು. ತುಂಬಿದಳು, ಕೊಟ್ಟಳು, ಮತ್ತೆ ತುಂಬಿದಳು, ಮತ್ತೆ ಯಾರೋ ಕಾಲು ಹಿಡಿದರು. "ಅವರಿಗೆ ಕೊಟ್ಟಿದ್ದು ತಪ್ಪು ಅಂತ ನಂಗೆ ಒಂದಿನಾನೂ ಅನ್ಸಿಲ್ಲ," ಎಂದು ಇಲ್ಲಿ ಅಜ್ಜಿ ತಲೆ ಎತ್ತಿ ಹೇಳುವಳು. ಕೊನೆಗೆ ತುಂಬಿದ ಚೊಂಬನ್ನು ಎದೆಗವಚಿಕೊಂಡು ಅಂಗಳಕ್ಕೆ ಬಂದಾಗ ಕುಡಿಯುವವರು ಇರಲಿಲ್ಲ.

ಅಷ್ಟು ಹೇಳುವಷ್ಟರಲ್ಲಿ ಮುಂದಿನ ಮೆಟ್ಟಿಲ ತಂಬಿಗೆಗಳಿಂದ ಹಬೆ ಏಳುತ್ತಿತ್ತು.

ಅಜ್ಜಿಯ ನಂತರ ಹೇಳಲು ಯಾರಾದರೂ ಬೇಕೆಂದು ಮೇಷ್ಟ್ರು ನನ್ನನ್ನು ಆರಿಸಿದರು. ನನಗಿಂತ ಮೊದಲು ಕೆಲವರು ಪ್ರಯತ್ನಿಸಿದ್ದರು. ಅಚ್ಚುಕಟ್ಟಾಗಿ ಹೇಳಿದ್ದರು, ಕೇಳಿದವರು ಅತ್ತಿದ್ದರು, ನೀರು ಮಾತ್ರ ಕಾದಿರಲಿಲ್ಲ. ಬೇಕರಿ ಬಾಗಿಲು ಹಾಕಿದ ಮೇಲೆ ನಾನು ಅಜ್ಜಿಯ ಮನೆಗೆ ಹೋಗಿ, ಒಂದು ತಂಬಿಗೆ ನೀರು ಇಟ್ಟುಕೊಂಡು, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದೆ. ಪ್ರತಿ ಮಾತಿಗೂ ಬೆರಳು ಅದ್ದಿ ನೋಡುತ್ತಿದ್ದೆ. ತಣ್ಣಗೆ. ಬೆಳಕು ಬಿತ್ತು ಎನ್ನುವೆ, ಬೆರಳು ಅದ್ದುವೆ. ಚಿಕ್ಕಮ್ಮ ನೀರು ಕೇಳಿದಳು ಎನ್ನುವೆ, ಅದ್ದುವೆ.

"ಹಾಲು ಹೆಪ್ಪಾಯ್ತಾ ಅಂತ ನೋಡ್ದಂಗೆ ನೋಡ್ತೀಯಲ್ಲೇ," ಎಂದು ಅಜ್ಜಿ ನಗುವಳು. "ಬೇಸಿಗೇಲಿ ನಿನ್ನ ಕರ್ಕೊಂಡು ಮೆಟ್ಲ ಮೇಲೆ ಕೂರಿಸ್ತೀನಿ. ಐಸ್ ಪೆಟ್ಟಿಗೆ ಬೇಡ ಊರಿಗೆ."

"ನನ್ನಿಂದ ಆಗಲ್ಲ ಅಜ್ಜಿ. ಬೇರೆಯವರ ಸಂಕಟ ಕದ್ದು ಹೇಳ್ದಂಗೆ ಆಗುತ್ತೆ."

"ಕದಿಯೋಕೆ ಅದೇನು ಬಂಗಾರನಾ? ತಗೊಂಡು ಹೋಗು ಅಂತ ನಾನೇ ಕೊಡ್ತಿದ್ರೆ ಕದ್ದೆ ಅಂತೀಯಲ್ಲ. ಹೇಳು, ಇನ್ನೊಂದ್ಸಲ ಹೇಳು."

ಹೇಳಿದೆ. ತಣ್ಣಗಿತ್ತು.

ಹೀಗಿರುವಾಗ ದೇಶದೇಶಗಳ ಸಭೆಯಿಂದ ಕರೆ ಬಂತು. ಬಾಂಬುಗಳನ್ನು ಬಿಟ್ಟುಬಿಡುವ ಒಪ್ಪಂದದ ಮಾತು ಅಲ್ಲಿ ಬಹಳ ವರ್ಷಗಳಿಂದ ನಡೆಯುತ್ತಿದೆ. ಪ್ರತಿ ಸಲವೂ ನಮ್ಮ ಊರಿನ ಒಬ್ಬರು ಹೋಗಿ ಹೇಳಿ ಬರುತ್ತಾರೆ. ಅವರು ಹೇಳುವಾಗ ಪ್ರತಿನಿಧಿಗಳ ಮುಂದಿನ ಲೋಟಗಳು ಕಾಯುತ್ತವೆ. ಪ್ರತಿನಿಧಿಗಳು ಮುಟ್ಟುತ್ತಾರೆ, ಬೆಚ್ಚುತ್ತಾರೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರೂ ಕುಡಿದಿರಲಿಲ್ಲ. ಹೊರಗಿನವರಿಗೆ ಬಿಸಿನೀರು ಕುಡಿದು ಅಭ್ಯಾಸವಿಲ್ಲವೇನೋ ಎಂದು ನಮ್ಮವರು ಸಮಾಧಾನ ಹೇಳಿಕೊಂಡಿದ್ದರು. ಈ ಸಲದ ಮಾತೇ ಬೇರೆ. ಬಾಂಬು ಇಟ್ಟುಕೊಂಡಿರುವ ದೇಶಗಳು, ಆ ದಿನವನ್ನು ಕಣ್ಣಾರೆ ಕಂಡವರು ಮುಗಿದ ಮೇಲೆ ಈ ಸಾಕ್ಷಿಯ ಪದ್ಧತಿಯನ್ನೂ ಮುಗಿಸಿಬಿಡೋಣ ಎಂದು ಕೇಳಿದ್ದವು. ಈ ಸಲ ನೀರು ಕಾಯದಿದ್ದರೆ ನಮ್ಮ ಊರಿನ ಕುರ್ಚಿಯನ್ನು ತೆಗೆಯುತ್ತಾರೆ. ಆಮೇಲೆ ಆ ಸಭೆಯಲ್ಲಿ ಬಾಂಬು ಹಾಕುವವರ ಮಾತು ಇರುತ್ತದೆ, ಬಾಂಬು ಬಿದ್ದವರ ಮಾತು ಇರುವುದಿಲ್ಲ.

ಗಿರಿಯಜ್ಜಿಗೆ ಉಬ್ಬಸ. ಮನೆಯಿಂದ ಮೆಟ್ಟಿಲಿಗೆ ಬರಲೇ ಇಬ್ಬರು ಹಿಡಿದುಕೊಳ್ಳಬೇಕಿತ್ತು. ಸಂಜೆಶಾಲೆಯ ಕೊಠಡಿಯಲ್ಲಿ ಊರಿನವರು ಸೇರಿದರು.

"ತಪ್ಪು ತಿಳ್ಕೋಬೇಡ ದಾಕ್ಷಕ್ಕ," ಎಂದ ಶಂಕರಲಿಂಗು. "ನಿನ್ನ ಬನ್ನು ಒಳ್ಳೇದೇ. ಆದ್ರೆ ಅಷ್ಟು ದೊಡ್ಡೋರ ಮುಂದೆ ತಣ್ಣೀರು ಇಟ್ಟು ಬಂದ್ರೆ ಊರಿನ ಮಾನ ಏನಾಗ್ಬೇಕು? ಹೋಗದೇ ಇರೋದೇ ವಾಸಿ."

ಅವನು ಹೇಳಿದ್ದು ಸರಿಯೆಂದೇ ನನಗೂ ಅನಿಸಿತ್ತು. ಹಾಗೆಂದು ಹೇಳಲು ಎದ್ದೂ ನಿಂತೆ. ಗೋಡೆಗೊರಗಿ ಕೂತಿದ್ದ ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು.

"ಲಿಂಗು, ನೀನು ಹುಟ್ಟಿದಾಗ ಮೊದಲು ಮೈ ತೊಳೆದದ್ದು ಯಾವ ನೀರಲ್ಲೋ?"

"ನಿಮ್ಮ ನೀರಲ್ಲೇ ಅಜ್ಜಿ."

"ಹಂಗಾದ್ರೆ ಸುಮ್ನಿರು. ಅವಳು ಹೋಗ್ತಾಳೆ."

ಹೊರಡುವ ದಿನ ಅಜ್ಜಿ ಆ ಹಿತ್ತಾಳೆ ಚೊಂಬನ್ನು ನನ್ನ ಕೈಗೆ ಕೊಟ್ಟಳು. ಒಂದು ಮಗ್ಗುಲು ತಗ್ಗಾಗಿತ್ತು. ಅದನ್ನು ಬೇರೆ ಯಾರಿಗೂ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಒಡೆದೀತೇನೋ ಎಂಬಂತೆ ಎರಡು ಕೈಯಲ್ಲಿ ಹಿಡಿದುಕೊಂಡೆ.

"ಒಂದು ಮಾತು," ಎಂದಳು. "ನೀರು ಮುಟ್ಟಿ ನೋಡ್ಬೇಡ. ನಾನು ಯಾವತ್ತಾದ್ರೂ ಮುಟ್ಟಿ ನೋಡಿದ್ದು ಕಂಡಿದೀಯಾ? ಮುಟ್ಟೋದು ಕೇಳೋರ ಕೆಲ್ಸ."

ಮೇಷ್ಟ್ರು ಜೊತೆಗೆ ಬಂದರು. ಹೊಳೆಯ ನೀರನ್ನು ಕ್ಯಾನಿನಲ್ಲಿ ತುಂಬಿಕೊಂಡು ಹೋಗಿದ್ದೆವು. ಸಭಾಭವನದ ಬಾಗಿಲಲ್ಲಿ ಕಾವಲಿನವರು ಅದನ್ನು ತೆಗೆದಿಟ್ಟುಕೊಂಡರು. ಹೊರಗಿನ ನೀರು ಒಳಗೆ ಬಿಡುವಂತಿಲ್ಲವಂತೆ. ಮೇಷ್ಟ್ರು ತಮಗೆ ಬರುವ ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. "ಖಾಲಿ ಪಾತ್ರೆ ತಗೊಂಡು ಹೋಗಿ, ಒಳಗೆ ಬೇಕಾದಷ್ಟು ನೀರಿದೆ," ಎಂದರು. ಊರಿನ ನೀರೇ ನನ್ನ ಮಾತಿಗೆ ಕಾಯದಿದ್ದಾಗ ಬೇರೆಯವರ ನೀರು ಕಾಯುತ್ತದೆಯೇ?

ಅರ್ಧಚಂದ್ರದಂತಿದ್ದ ದೊಡ್ಡ ಸಭೆ. ಪ್ರತಿಯೊಬ್ಬರ ಮುಂದೆ ದೇಶದ ಹೆಸರಿನ ಫಲಕ, ಒಂದು ಗಾಜಿನ ಹೂಜಿ, ಒಂದು ಲೋಟ. ನನ್ನ ಮಾತನ್ನು ಅವರವರ ಭಾಷೆಗೆ ಹೇಳುವವರು ಮೇಲಿನ ಗಾಜಿನ ಕೋಣೆಗಳಲ್ಲಿದ್ದರು. ನಾನು ಕಲಿತದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಗೋಡೆ, ಹಣಿಗೆ, ಬೆಳಕು, ಹೊಳೆ, ಚೊಂಬು. ಯಾವುದೂ ತಪ್ಪಲಿಲ್ಲ. ಮುಗಿಸಿದಾಗ ಒಬ್ಬೊಬ್ಬರೇ ಕೈ ಚಾಚಿ ಲೋಟ ಮುಟ್ಟಿದರು. ಕೈ ಹಿಂದಕ್ಕೆ ಹೋಯಿತು. ಒಬ್ಬರು ಪಕ್ಕದವರ ಮುಖ ನೋಡಿದರು. ನೀರು ತಣ್ಣಗೇ ಇದೆ ಎಂದು ತಿಳಿಯಲು ನಾನು ಯಾರನ್ನೂ ಕೇಳಬೇಕಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ, ಬಾಂಬು ಇಟ್ಟುಕೊಂಡಿರುವ ದೇಶವೊಂದರ ಪ್ರತಿನಿಧಿ ಕೈ ಎತ್ತಿದರು. ನರೆಗೂದಲಿನ, ಮೆಲುದನಿಯ ಮನುಷ್ಯ. ಅವರ ಮಾತು ನನ್ನ ಕಿವಿಗೆ ಕನ್ನಡದಲ್ಲಿ ಬಂತು.

"ನಿಮ್ಮ ಊರಿನ ಬಗ್ಗೆ ನಮಗೆ ಗೌರವವಿದೆ. ಒಂದೇ ಪ್ರಶ್ನೆ. ಆ ದಿನ ನೀವು ಅಲ್ಲಿದ್ದಿರಾ?"

"ಇಲ್ಲ ಸ್ವಾಮಿ. ಹುಟ್ಟಿರಲಿಲ್ಲ."

"ಹಾಗಾದರೆ ನೀವು ಕಂಡದ್ದೇನು?"

ನಾನು ಮೇಷ್ಟ್ರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಈ ಪ್ರಶ್ನೆಗೆ ಉತ್ತರ ನಾನು ಬಾಯಿಪಾಠ ಮಾಡಿದ್ದರಲ್ಲಿ ಇರಲಿಲ್ಲ. ಕೈಯಲ್ಲಿ ಖಾಲಿ ಚೊಂಬು ಇತ್ತು. ನಾನು ವೇದಿಕೆ ಇಳಿದು ಅವರ ಮೇಜಿನ ಬಳಿ ಹೋದೆ.

"ನಮ್ಮ ನೀರನ್ನು ಬಾಗಿಲಲ್ಲೇ ತೆಗೆದುಕೊಂಡರು ಸ್ವಾಮಿ. ನಿಮ್ಮದೇ ಒಂದಿಷ್ಟು ಇದಕ್ಕೆ ಹಾಕಿ."

ಅವರು ಗಲಿಬಿಲಿಗೊಂಡು, ಹೂಜಿ ಎತ್ತಿ ಚೊಂಬಿಗೆ ನೀರು ಸುರಿದರು. ಚೊಂಬನ್ನು ಅವರ ಮುಂದೆಯೇ ಇಟ್ಟು, ನಾನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಕಟ್ಟದಿದ್ದರೆ ಬೆರಳು ಅದ್ದಿಬಿಡುತ್ತಿದ್ದೆ.

"ನಾನು ಕಂಡದ್ದು ಗಿರಿಯಜ್ಜಿಯನ್ನು," ಎಂದೆ. "ಮಲಗುವ ಮುಂಚೆ ಅವಳು ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿಡುತ್ತಾಳೆ. ಲೋಟ, ಬೋಗುಣಿ, ಸೌಟನ್ನೂ ಬಿಡುವುದಿಲ್ಲ. ಯಾರಾದರೂ ಬಂದು ಕೇಳಿದರೆ ಹೊಳೆಯವರೆಗೆ ಹೋಗುವಂತಾಗಬಾರದು ಎನ್ನುತ್ತಾಳೆ. ಅವಳ ಬಾಗಿಲಿಗೆ ಯಾರು ಬಂದರೂ ಮೊದಲು ನೀರು. ಜಗಳಕ್ಕೆ ಬಂದವರೂ ಕುಡಿದೇ ಜಗಳ ಆಡಬೇಕು. ತಲೆ ಮಾತ್ರ ಯಾರಿಂದಲೂ ಬಾಚಿಸಿಕೊಳ್ಳುವುದಿಲ್ಲ. ತಾನೇ ಕತ್ತರಿ ಹಿಡಿದು ಕೂದಲು ಮೋಟು ಮಾಡಿಕೊಳ್ಳುತ್ತಾಳೆ, ಇಲಿ ಕಡಿದಂತೆ ಕಾಣುತ್ತದೆ. ಹೆಣ್ಣು ನೋಡಲು ಬಂದವರು ಯಾವ ಊರು ಎಂದು ಕೇಳಿ, ತಿಂಡಿ ತಟ್ಟೆ ಮುಟ್ಟದೆ ಎದ್ದು ಹೋದರಂತೆ. ಅವಳ ಹೊಟ್ಟೆಯಲ್ಲಿ ಎಂಥ ಮಗು ಹುಟ್ಟುತ್ತದೋ ಎಂದು. ಊರಿನ ಮಕ್ಕಳೆಲ್ಲ ಹುಟ್ಟಿದ ಕೂಡಲೇ ಅವಳ ನೀರಿನಲ್ಲಿ ಮಿಂದಿದ್ದಾರೆ, ನಾನೂ ಮಿಂದಿದ್ದೇನೆ. ಅವಳ ಕುತ್ತಿಗೆಯ ಗಂಟನ್ನು ಎರಡು ಸಲ ತೆಗೆದರು. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದವಳು ನಾನು. ಮಂಪರಿನಲ್ಲಿ ಅವಳು, 'ಬಂದೆ ಚಿಕ್ಕಮ್ಮ, ನೀರು ತಂದೆ, ತಂದೆ,' ಎನ್ನುತ್ತಿದ್ದಳು. ಅವಳು ಇನ್ನೂ ಆ ಹೊಳೆಯಿಂದ ಅಂಗಳಕ್ಕೆ ಬರುತ್ತಲೇ ಇದ್ದಾಳೆ ಸ್ವಾಮಿ. ಅದಕ್ಕೆ ನಾನು ಸಾಕ್ಷಿ. ನಾನು ಸತ್ತರೆ ನನ್ನನ್ನು ಕಂಡವರು ಇರುತ್ತಾರೆ. ನಿಮ್ಮ ಬಾಂಬುಗಳು ಮುಗಿಯುವವರೆಗೆ ನಮ್ಮ ಸಾಕ್ಷಿ ಮುಗಿಯುವುದಿಲ್ಲ."

ಅಷ್ಟು ದೊಡ್ಡ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಹೆದರಿಕೆಯಾಯಿತು. ಹೆಚ್ಚಾಯಿತೇನೋ, ಕ್ಷಮೆ ಕೇಳಬೇಕೇನೋ ಎಂದುಕೊಳ್ಳುವಾಗ ಮೇಲಿನ ಗಾಜಿನ ಕೋಣೆಯಲ್ಲಿ ನನ್ನ ಕನ್ನಡವನ್ನು ಅವರ ಭಾಷೆಗೆ ಹೇಳುತ್ತಿದ್ದ ಹೆಂಗಸು ಎದ್ದು ನಿಂತು ಕೆಳಗಿನ ಮೇಜುಗಳನ್ನು ನೋಡುತ್ತಿದ್ದದ್ದು ಕಂಡಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅದರ ಗಾಜಿನ ಮೇಲೆ ಹಬೆ ಕೂತಿತ್ತು. ಯಾರೋ ಲೋಟ ಹಿಡಿದವರು ಫಕ್ಕನೆ ಕೈ ಬಿಟ್ಟು ಬೆರಳಿಗೆ ಊದಿಕೊಂಡರು. ಸಾಲಿನಿಂದ ಸಾಲಿಗೆ ಮೇಜುಗಳ ಮೇಲೆ ತೆಳ್ಳಗೆ ಹಬೆ ಏಳುತ್ತಿತ್ತು. ಮೇಷ್ಟ್ರು ಎದ್ದು ನಿಂತಿದ್ದರು. "ದಾಕ್ಷೀ," ಎಂದರು, ಅಷ್ಟೇ.

ಎದುರಿಗಿದ್ದ ಪ್ರತಿನಿಧಿ ಚೊಂಬಿನ ಕಂಠ ಹಿಡಿದು ಎತ್ತಿದರು. ತುಟಿಯ ಹತ್ತಿರಕ್ಕೆ ತಂದರು. ನಾನು ತಡೆದೆ.

"ಕುಡಿಯುವ ಮುಂಚೆ ತಿಳಿದುಕೊಳ್ಳಿ ಸ್ವಾಮಿ. ಕುಡಿದವರು ಯಾರು ಕೇಳಿದರೂ, ಆ ಬಾಂಬು ಇನ್ನು ಯಾವ ಊರಿಗೂ ಬೇಡ, ಇರುವುದನ್ನೆಲ್ಲ ಬಿಚ್ಚಿ ಹಾಕಿ ಎಂದು ಹೇಳಬೇಕು. ನಮ್ಮ ಕಟ್ಟಳೆ ಅದು. ಹೇಳದೆ ಕುಡಿಸಿದರೆ ಮೋಸವಾಗುತ್ತದೆ."

ಸಭೆ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ತರಾಟೆಗೆ ತೆಗೆದುಕೊಂಡರು, "ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ರೆ ಕುಡಿದೇ ಬಿಡ್ತಿದ್ದನಲ್ಲಮ್ಮ!" ಎಂದು. ನನಗೆ ಅದು ಆಗುತ್ತಿರಲಿಲ್ಲ.

ಆ ಮನುಷ್ಯ ಹಿಂದೆ ತಿರುಗಿ ತಮ್ಮ ಕಡೆಯವರನ್ನು ನೋಡಿದರು. ಅವರು ಬೇಡವೆಂದು ತಲೆಯಾಡಿಸಿದರು. ಚೊಂಬನ್ನು ಪ್ರತಿನಿಧಿ ಕೆಳಗಿಡಲಿಲ್ಲ, ಎರಡೂ ಕೈಯಲ್ಲಿ ಪಕ್ಕದವರಿಗೆ ದಾಟಿಸಿದರು. ಪಕ್ಕದಲ್ಲಿ ಒಂದು ಸಣ್ಣ ದ್ವೀಪದ ಹೆಂಗಸು ಇದ್ದಳು. ಅವಳು ಎದ್ದು ನಿಂತು, ಒಂದು ಗುಟುಕು ಕುಡಿದು, ತನ್ನ ಭಾಷೆಯಲ್ಲಿ ಆ ಮಾತನ್ನು ಗಟ್ಟಿಯಾಗಿ ಹೇಳಿದಳು. ಚೊಂಬು ಮುಂದಕ್ಕೆ ಹೋಯಿತು. ಕುಡಿದವರೂ ಇದ್ದರು, ತಲೆ ತಗ್ಗಿಸಿ ದಾಟಿಸಿದವರೂ ಇದ್ದರು. ಎಷ್ಟೋ ಭಾಷೆಗಳಲ್ಲಿ ನಮ್ಮ ಮೆಟ್ಟಿಲ ಮಾತು ಕೇಳಿಸಿತು. ತಿರುಗಿ ಬಂದಾಗ ತಳದಲ್ಲಿ ಒಂದೇ ಗುಟುಕು ಉಳಿದಿತ್ತು. ನರೆಗೂದಲಿನವರು ಚೊಂಬಿನೊಳಗೆ ಇಣುಕಿ ನೋಡಿದರು.

"ಇದನ್ನು ಕುಡಿಯಲು ನಾನು ನಮ್ಮವರನ್ನು ಕೇಳಬೇಕು," ಎಂದರು.

"ಕೇಳಿ. ಎತ್ತಿಟ್ಟಿರುತ್ತೇವೆ," ಎಂದರು ಮೇಷ್ಟ್ರು.

ನಮ್ಮ ಕುರ್ಚಿ ಉಳಿಯಿತು. ಕುಡಿದವರ ಪೈಕಿ ಹಲವು ದೇಶಗಳು ಅದೇ ಸಭೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಊರಿಗೆ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಬಸ್ಸಿನಿಂದ ಇಳಿದಾಗ ಶಂಕರಲಿಂಗು ಹಾರ ಹಿಡಿದು ನಿಂತಿದ್ದ. "ನಾನು ಅವತ್ತೇ ಹೇಳಿರ್ಲಿಲ್ವಾ, ದಾಕ್ಷಕ್ಕನೇ ಸರಿ ಅಂತ," ಎಂದು ಸುತ್ತಲಿನವರನ್ನು ಕೇಳುತ್ತಿದ್ದ. ಯಾರೂ ಇಲ್ಲವೆನ್ನಲಿಲ್ಲ, ನಕ್ಕರು. ನಾನು ಹಾರ ಹಾಕಿಸಿಕೊಂಡೇ ಅಜ್ಜಿಯ ಮನೆಗೆ ಓಡಿದೆ.

ಅಜ್ಜಿ ಮೊದಲು ನೀರು ಕೊಟ್ಟಳು. ಕುಡಿದೆ. ನೀರು ಕಾಯಿತೇ ಎಂದು ಅವಳು ಕೇಳಲೇ ಇಲ್ಲ.

"ಯಾರಾದ್ರೂ ಕುಡಿದ್ರೇನೇ?"

"ಕುಡಿದ್ರು ಅಜ್ಜಿ. ತುಂಬ ಜನ ಕುಡಿದ್ರು."

ಅವಳು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಚೊಂಬನ್ನು ಕೇಳಿ ಇಸಿದುಕೊಂಡು ಒಳಗೆ ಇಣುಕಿದಳು.

"ಇದೇನು ಉಳ್ದಿರೋದು?"

"ಬಾಂಬು ಇಟ್ಕೊಂಡಿರೋರ ಪಾಲು. ಕೇಳ್ಕೊಂಡು ಬಂದು ಕುಡೀತಾರಂತೆ."

"ಇರ್ಲಿ, ಮುಚ್ಚಿಡು. ಬರ್ತಾರೆ," ಎಂದಳು. ಅವಳ ಸೌಟು ಲೋಟಗಳ ನಡುವೆ, ತಟ್ಟೆ ಮುಚ್ಚಿ ಆ ಚೊಂಬನ್ನು ಇಟ್ಟೆವು. ಇವತ್ತಿಗೂ ಅಲ್ಲೇ ಇದೆ. ಇನ್ನೂ ಬೆಚ್ಚಗಿದೆಯೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಾನು ಮುಟ್ಟಿ ನೋಡಿಲ್ಲ.

ಆ ಶುಕ್ರವಾರ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಹೊಳೆಗೆ ಕರೆತಂದರು. ಅವಳು ತನ್ನ ಜಾಗಕ್ಕೆ ಹೋಗಲಿಲ್ಲ. ಸೆರಗಿನ ಮರೆಯಿಂದ ಒಂದು ತಂಬಿಗೆ ತೆಗೆದು, ಹೊಳೆಯಲ್ಲಿ ತುಂಬಿಸಿಕೊಂಡು ಬಾ ಎಂದು ಶಂಕರಲಿಂಗುವಿಗೆ ಕೊಟ್ಟು, ಮುಂದಿನ ಮೆಟ್ಟಿಲ ಮೇಲೆ ಬಾಣಂತಿಯರ ಮನೆಯವರ ನಡುವೆ ಜಾಗ ಮಾಡಿಕೊಂಡು ಕೂತಳು.

"ಏನು ನೋಡ್ತಿದೀಯ? ಹೇಳು," ಎಂದಳು ನನಗೆ.

ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ಹೇಳಿದೆ. ಅವಳದನ್ನು ಹೇಳಿದೆ, ನಾನು ಕಂಡ ಅವಳನ್ನೂ ಹೇಳಿದೆ. ಇಲಿ ಕಡಿದ ಕೂದಲಿನ ಮಾತಿಗೆ ಜನ ನಕ್ಕರು, ಅವಳೂ ನಕ್ಕಳು. ಚಿಕ್ಕಮ್ಮ ನೀರು ಕೇಳಿದ್ದನ್ನು ಹೇಳುವಾಗ ಅವಳು ಹೊಳೆಯ ಕಡೆ ನೋಡುತ್ತಿದ್ದಳು. ಮುಗಿಸಿದೆ. ಯಾರೂ ತಮ್ಮ ತಂಬಿಗೆ ಮುಟ್ಟಲಿಲ್ಲ, ಎಲ್ಲರೂ ಅವಳದನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಊರಿಗೆಲ್ಲ ನೀರು ಕಾಯಿಸಿಕೊಟ್ಟವಳು ಅದನ್ನು ಒಮ್ಮೆಯೂ ಕುಡಿದವಳಲ್ಲ. ಅವಳು ಎರಡೂ ಕೈಯಲ್ಲಿ ತಂಬಿಗೆ ಎತ್ತಿದಳು. ಒಂದು ಗುಟುಕಿಗೆ ನಿಲ್ಲಿಸಲಿಲ್ಲ. ನಡುನಡುವೆ ಉಸಿರು ತೆಗೆದುಕೊಳ್ಳುತ್ತ, ತಲೆ ಹಿಂದಕ್ಕೆ ವಾಲಿಸಿ, ಕೊನೆಯ ಹನಿಯವರೆಗೂ ಕುಡಿದು, ಬಾಯಿ ಒರೆಸಿಕೊಂಡಳು.

"ಸುಡ್ತಲ್ಲೇ, ಹಾಳಾದೋಳೇ," ಎಂದಳು. ಆಮೇಲೆ ಕಟ್ಟಳೆಯಂತೆ ಆ ಮಾತನ್ನು ಹೇಳಿದಳು. ಊರೆಲ್ಲ ಅವಳ ಜೊತೆ ಹೇಳಿತು.